ಏಳನೆಯ ದಿನದ ಕುದುರೆ

ಕುದುರೆ ಬರುವ ಮೊದಲೇ ನಾನು ಅದರ ಕಥೆ ಹೇಳಿಬಿಟ್ಟಿದ್ದೆ. ತಪ್ಪು ಅಲ್ಲಿಂದಲೇ ಶುರು. ಇದನ್ನು ನಾನು ಯಾರ ಹತ್ತಿರವೂ ಒಪ್ಪಿಕೊಂಡಿಲ್ಲ, ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಅರಸೀಕೆರೆಯಿಂದ ಬಸ್ಸಿನಲ್ಲಿ ಅರ್ಧ ಗಂಟೆ ಬಂದರೆ ನಮ್ಮ ತೆಂಗಿನ ತೋಟ. ತೋಟದ ಬೇಲಿ ಮುಗಿದಲ್ಲಿ ಕಾವಲು, ಅಂದರೆ ದನ ಮೇಯಲು ಬಿಟ್ಟ ಹುಲ್ಲುಗಾವಲು. ಕಣ್ಣು ಹಾಯುವವರೆಗೂ ಹುಲ್ಲು, ಅಲ್ಲೊಂದು ಇಲ್ಲೊಂದು ಜಾಲಿ ಮರ. ನಾನು ಮದುವೆಯಾಗದೆ ತಮ್ಮನ ಮನೆಯಲ್ಲೇ ಉಳಿದವಳು. ಅದಕ್ಕೆ ಯಾರೂ ಮರುಗಬೇಕಾಗಿಲ್ಲ, ಆ ಮನೆಯಲ್ಲಿ ನಡೆಯುತ್ತಿದ್ದದ್ದು ನನ್ನ ಮಾತೇ. ತಮ್ಮನ ಹೆಂಡತಿ ಅರಸೀಕೆರೆಗೆ ಕೆಲಸಕ್ಕೆ ಹೋಗುತ್ತಿದ್ದಳು. ಬೇಸಿಗೆ ರಜೆಯಲ್ಲಿ ಅವರ ಒಂಬತ್ತು ವರ್ಷದ ಮಗನಿಗೆ ಮಧ್ಯಾಹ್ನ ಊಟ ಮಾಡಿಸುವುದು ನನ್ನ ಪಾಲು. ಮುದ್ದೆ ಕಂಡರೆ ಮುಖ ತಿರುಗಿಸುವ ಆಸಾಮಿ ಅವನು. ಮೊಬೈಲ್ ಕೈಗೆ ಕೊಟ್ಟು ಉಣ್ಣಿಸುವ ಜಾಯಮಾನ ನನ್ನದಲ್ಲ, ಹಾಗಾಗಿ ತುತ್ತಿಗೊಂದು ಸುಳ್ಳು ಹೆಣೆಯುತ್ತಿದ್ದೆ.

ಹಾಗೆ ಹುಟ್ಟಿದ್ದು ಕಾವಲಿನ ಹುಡುಗನ ಕಥೆ. ಯಾರ ಕೈಗೂ ಸಿಗದ ಒಂದು ಕಾಡು ಕುದುರೆ. ಹುಡುಗ ದಿನಾ ಒಂದು ಅಚ್ಚು ಬೆಲ್ಲವನ್ನು ಅಂಗೈಯಲ್ಲಿಟ್ಟುಕೊಂಡು ಅಲುಗಾಡದೆ ಕೂರುತ್ತಾನೆ. ಏಳನೆಯ ದಿನ ಕುದುರೆ ತಾನಾಗಿಯೇ ಬಂದು ಬೆಲ್ಲ ತಿನ್ನುತ್ತದೆ. ಅಷ್ಟೇ ಕಥೆ.

“ಆ ಹುಡುಗ್ನಿಗೆ ಅಪ್ಪ ಇರ್ಲಿಲ್ವಾ ಅತ್ತೆ? ಹುಡುಕ್ಕೊಂಡು ಬರಲ್ವಾ?” ಎಂದು ತಮ್ಮನ ಮಗ ಕೇಳಿದ.

“ಕಥೆಗೆ ಅಪ್ಪ ಯಾಕೋ? ಸುಮ್ನೆ ನುಂಗು.”

ನುಂಗಿದ. ನನಗೆ ಬೇಕಾದದ್ದೂ ಅಷ್ಟೇ.

ವಾರ ಕಳೆದಿರಲಿಲ್ಲ, ನಿಜವಾದ ಕುದುರೆ ಕಾವಲಿಗೆ ಬಂತು. ಮಾಸಿದ ಬಿಳಿ ಬಣ್ಣ, ಗಂಟುಗಟ್ಟಿದ ಜೂಲು, ಕುತ್ತಿಗೆಯಲ್ಲಿ ಹರಿದ ಹಗ್ಗದ ತುಂಡು. ಬೇಲೂರು ಕಡೆ ಮದುವೆ ಮೆರವಣಿಗೆಗೆ ಬಾಡಿಗೆಗೆ ಹೋಗುತ್ತಿದ್ದ ಕುದುರೆಯಂತೆ. ಹಿಂಗಾಲ ಬುಡದಲ್ಲಿ ಯಾರೋ ಪಟಾಕಿ ಸರ ಹಚ್ಚಿದ್ದಕ್ಕೆ ಬೆದರಿ, ಹಗ್ಗ ಕಿತ್ತುಕೊಂಡು ಓಡಿತಂತೆ. ಹಳೇಬೀಡಿನ ಕೆರೆ ಏರಿ ಮೇಲೆ ಕೆಲವರು ಕಂಡಿದ್ದರಂತೆ. ಅಂತೆಕಂತೆಯ ಮಾತು ಬಿಡಿ. ನಾವು ಕಣ್ಣಾರೆ ಕಂಡದ್ದು ಬೇರೆ. ಅದು ಬಂದ ಮೂರನೆಯ ದಿನ ಕಾವಲಿಗೆ ಹೋದ ನಮ್ಮ ನಾಯಿ ವಾಪಸ್ ಬರಲಿಲ್ಲ. ತಮ್ಮ ಹುಡುಕಿಕೊಂಡು ಹೋದರೆ ಬುರುಡೆ ಒಡೆದು ಬಿದ್ದಿತ್ತು. ಅಲ್ಲೇ ಗುಂಡಿ ತೋಡಿ ಹೂತು ಬಂದ.

“ಬೇಲಿ ದಾಟಿದ್ರೆ ನಿನ್ನ ಕಾಲು ಮುರೀತೀನಿ” ಎಂದು ಮಗನಿಗೆ ಹೇಳಿದ. ಹುಡುಗ ತಲೆ ಆಡಿಸಿದ.

ಆದರೆ ಊಟಕ್ಕೆ ಕೂತಾಗ ಅವನ ಕಣ್ಣು ಬೇಲಿಯ ಕಡೆಗೇ ಇರುತ್ತಿತ್ತು. ನನಗೆ ಹೆದರಿಕೆಯಾಯಿತು. ಆ ನಾಯಿಯ ಜಾಗದಲ್ಲಿ ಇವನಿದ್ದಿದ್ದರೆ ಎಂದು ಮತ್ತೆ ಮತ್ತೆ ನೆನೆಯುತ್ತಿದ್ದೆ. ಕಥೆಯನ್ನೇ ಬದಲಿಸಲು ನೋಡಿದೆ. ಏಳನೆಯ ದಿನ ಕುದುರೆ ಹುಡುಗನನ್ನು ಕಚ್ಚಿಬಿಟ್ಟಿತು ಎಂದೆ.

“ಸುಳ್ಳು. ಮೊದ್ಲು ಹಂಗೆ ಹೇಳಿರ್ಲಿಲ್ಲ ನೀನು” ಎಂದ.

ಅದೇ ದಿನಗಳಲ್ಲಿ ಬೆಲ್ಲದ ಡಬ್ಬ ಬರಿದಾಗುತ್ತ ಬಂತು. ತಮ್ಮನಿಗೆ ಮೊದಲಿನಿಂದಲೂ ಕೊಬ್ಬರಿ ಬೆಲ್ಲದ ಚಪಲ. “ಏನೋ, ಈ ವಯಸ್ನಾಗೂ ಕದ್ದು ತಿಂತೀಯಾ?” ಎಂದು ತರಾಟೆಗೆ ತೆಗೆದುಕೊಂಡೆ. “ತಿಂದ್ರೆ ನಿನ್ ಗಂಟೇನು ಹೋಯ್ತಕ್ಕ” ಎಂದು ನಕ್ಕ. ಅವನು ತಿನ್ನುತ್ತಿದ್ದದ್ದೂ ನಿಜ. ಮನೆಯಲ್ಲಿ ಇನ್ನೊಬ್ಬ ಕಳ್ಳನೂ ಇರಬಹುದು ಎಂದು ನನ್ನ ಮಂದಬುದ್ಧಿಗೆ ಹೊಳೆಯಲೇ ಇಲ್ಲ.

ಒಂದು ಬೆಳಗ್ಗೆ ನಾನು ಹುಣಿಸೆಹಣ್ಣು ಬಿಡಿಸುತ್ತ ಕೂತಿದ್ದಾಗ ಹುಡುಗ ಪಕ್ಕಕ್ಕೆ ಬಂದು ನಿಂತ. “ಅತ್ತೆ, ಏಳನೇ ದಿನ ಬಂದೇ ಬರುತ್ತಾ?”

“ಬಂದೇ ಬರುತ್ತೆ” ಎಂದೆ. ತಲೆ ಎತ್ತಿ ಕೂಡ ನೋಡಲಿಲ್ಲ.

ಸ್ವಲ್ಪ ಹೊತ್ತಿಗೆ ಸಾರಿಗೆ ಬೆಲ್ಲ ಬೇಕಾಯಿತು. ಡಬ್ಬ ತೆಗೆದರೆ ತಳ ಕಂಡಿತು. ತಮ್ಮ ಅಂಗಳದಲ್ಲಿ ಹೋರಿಗಳಿಗೆ ನೀರು ಕುಡಿಸುತ್ತಿದ್ದ. ಹುಡುಗ ಒಳಗೂ ಇಲ್ಲ, ಹಿತ್ತಲಲ್ಲೂ ಇಲ್ಲ. ಬೆಳಗಿನ ಪ್ರಶ್ನೆ ನೆನಪಾಗಿ ಅಂಗಳಕ್ಕೆ ಓಡಿದೆ.

“ಮಗ ಕಾವಲಿಗೆ ಹೋಗವ್ನೆ ಕಣೋ” ಎಂದಷ್ಟೇ ಹೇಳಲಾಯಿತು. ತಮ್ಮ ಕೈಗೆ ಸಿಕ್ಕ ಹಗ್ಗ ಹಿಡಿದು ಓಡಿದ. ನಾನು ಹಿಂದೆ ಓಡಿದೆ.

ಬೇಲಿಯ ಮುಳ್ಳು ಸರಿಸಿದ ಕಂಡಿಯ ಆಚೆ, ಜಾಲಿ ಮರದ ಕೆಳಗೆ ಹುಡುಗ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಕುದುರೆ ಅವನ ಎದುರಿಗೆ ನಿಂತು, ತಲೆ ಬಗ್ಗಿಸಿ, ಅಂಗೈಯಿಂದ ಬೆಲ್ಲ ನೆಕ್ಕುತ್ತಿತ್ತು. ಅದರ ಕಿವಿ ಸಹ ಆಡುತ್ತಿರಲಿಲ್ಲ. ಹುಡುಗ ಉಸಿರು ಬಿಗಿಹಿಡಿದು, ನಾನು ಕಥೆಯಲ್ಲಿ ಹೇಳಿದ್ದಂತೆಯೇ ಕೂತಿದ್ದ. ಸುಮ್ಮನೆ ಬಿಟ್ಟರೆ ತಿಂದು ತಾನಾಗಿಯೇ ಹೋಗುತ್ತದೆ ಎಂದು ನನಗೆ ಅನ್ನಿಸಿತು. ಅನ್ನಿಸಿದ್ದು ಹೌದು. ಆದರೆ ಸದ್ದಾದೀತೆಂದು ಸೆರಗನ್ನು ಬಾಯಿಗೆ ತುರುಕಿಕೊಂಡೆ, ತಮ್ಮನನ್ನು ತಡೆಯಲಿಲ್ಲ.

ತಮ್ಮ ಹೋರಿಗಳ ನಡುವೆ ಬೆಳೆದವನು. ಹೋರಿಯ ಅಪಾಯವೆಲ್ಲ ಕೊಂಬಿನಲ್ಲಿ, ಅದಕ್ಕೇ ನಮ್ಮವರು ಎದುರಿನಿಂದ ಹೋಗುವುದಿಲ್ಲ. ಬಾಲದ ಕಡೆಯಿಂದ ಬಂದು, ‘ಹೋ ಹೋ’ ಎನ್ನುತ್ತ ತೊಡೆ ತಟ್ಟಿ, ಬೆನ್ನ ಮೇಲೆ ಕೈಯಾಡಿಸುತ್ತ ಹಗ್ಗ ಹಾಕುತ್ತಾರೆ. ಅವನ ಕೈಗೆ ಗೊತ್ತಿದ್ದದ್ದು ಅದೊಂದೇ ದಾರಿ. ಅಧಿಕಾರಿ ಮುಂದೆ, ಕುದುರೆ ಹಿಂದೆ ಹೋಗಬಾರದು ಎಂಬ ಗಾದೆ ನಮ್ಮೂರಲ್ಲಿ ಎಲ್ಲರ ಬಾಯಲ್ಲೂ ಇದೆ. ತಾಲ್ಲೂಕು ಕಚೇರಿಗೆ ಹೋಗುವಾಗ ಹೇಳಿಕೊಂಡು ನಗುತ್ತೇವೆ. ಮೊದಲರ್ಧವನ್ನು ಮಾತ್ರ ಬಳಸಿದವರು ನಾವು, ನಮಗೆ ಕುದುರೆಯ ಸಹವಾಸವೇ ಇರಲಿಲ್ಲ.

ತಮ್ಮ ಹಿಂದಿನಿಂದ ಹೋಗಿ ಕುದುರೆಯ ತೊಡೆ ತಟ್ಟಿದ. ಅದು ಎರಡೂ ಹಿಂಗಾಲು ಎತ್ತಿ ಜಾಡಿಸಿ ಒದೆಯಿತು. ಒಣಸೌದೆ ಮುರಿದಂಥ ಸದ್ದು ಬೇಲಿಯ ಹತ್ತಿರ ನಿಂತ ನನಗೂ ಕೇಳಿಸಿತು. ಕುದುರೆ ಹುಡುಗನನ್ನು ಸೋಕದೆ ಪಕ್ಕಕ್ಕೆ ಹಾರಿ ಓಡಿತು. ಅದನ್ನು ಆಮೇಲೆ ಯಾರೂ ಕಾಣಲಿಲ್ಲ. ಹುಡುಗನ ಕೈ ಹಾಗೇ ಚಾಚಿಕೊಂಡಿತ್ತು, ಅಂಗೈಯಲ್ಲಿ ಇನ್ನೂ ಅರ್ಧ ಬೆಲ್ಲ ಇತ್ತು.

ಹಾಸನದಲ್ಲಿ ತಮ್ಮನ ಮೊಣಕಾಲಿಗೆ ಎರಡು ಸಲ ಆಪರೇಷನ್ ಆಯಿತು. ಕಾಲು ಉಳಿಯಿತು, ಮಡಿಸಲು ಮಾತ್ರ ಬರುವುದಿಲ್ಲ. ಹೋರಿಗಳನ್ನು ಮಾರಿದೆವು. ಈಗ ಅವನು ಜಗುಲಿಯ ಕುರ್ಚಿಯಲ್ಲಿ ಕೂತಿರುತ್ತಾನೆ. ಯಾರಾದರೂ ಹಿಂದಿನಿಂದ ಬಂದರೆ ಬೆಚ್ಚಿಬೀಳುತ್ತಾನೆ, ಅದಕ್ಕೆ ಮಗ ನೀರು ಕೊಡುವಾಗಲೂ ಸುತ್ತಿಕೊಂಡು ಎದುರಿಗೆ ಹೋಗುತ್ತಾನೆ. ತಮ್ಮ ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತು ತಿರುಗಿಸಿ ಹಗುರಾಗುತ್ತಿದ್ದೆ.

ಹುಡುಗ ಈಗ ಕಥೆ ಕೇಳುವುದಿಲ್ಲ. ತಟ್ಟೆ ಇಟ್ಟರೆ ತಾನೇ ಮುದ್ದೆ ಮುರಿದು ನುಂಗುತ್ತಾನೆ. ಮೊನ್ನೆ ತಡೆಯಲಾರದೆ ನಾನೇ ಶುರುಮಾಡಿದೆ. “ಕಾವಲ್ನಾಗೆ ಒಬ್ಬ ಹುಡುಗ ಇದ್ನಂತೆ ಕಣೋ. ಅವನಿಗೊಬ್ಬ ಅಪ್ಪ ಇದ್ನಂತೆ.”

ಅವನು ತುತ್ತನ್ನು ತಟ್ಟೆಗೆ ಇಳಿಸಿದ.

“ನಾನು ಅವತ್ತೇ ಕೇಳಿದ್ನಲ್ಲ ಅತ್ತೆ” ಎಂದ. “ಅಪ್ಪ ಹುಡುಕ್ಕೊಂಡು ಬರಲ್ವಾ ಅಂತ.”

ಆಮೇಲೆ ಉಳಿದ ಮುದ್ದೆಯನ್ನು ನುಂಗಿ, ಕೈ ತೊಳೆಯಲು ಎದ್ದು ಹೋದ.