ಚಿಕ್ಕಪ್ಪ ಹಿಡಿಯದ ಕುಸ್ತಿ

ಮೊನ್ನೆ ಹುಣಸೂರಿನ ಮೆಡಿಕಲ್ ಸ್ಟೋರಿನಲ್ಲಿ ಗಟ್ಟಿಮುಟ್ಟಾದ ಗೃಹಸ್ಥರೊಬ್ಬರು ಕೌಂಟರಿನ ಮೇಲೆ ಬಗ್ಗಿ, "ತುರಿಕೆಗೆ ಒಂದು ಟ್ಯೂಬು" ಎಂದು ಪಿಸುಗುಟ್ಟಿದರು. ಗಮನಿಸಿ, ಇಲಿ ಪಾಷಾಣವನ್ನಾದರೂ ಅಂಗಡಿ ಅದುರುವಂತೆ ಕೇಳುವ ಸೀಮೆ ನಮ್ಮದು. ತುರಿಕೆಯ ವಿಷಯದಲ್ಲಿ ಮಾತ್ರ ಬಹಳ ಮರ್ಯಾದಸ್ಥರು. ಆ ಪಿಸುಮಾತು ಕೇಳಿದ್ದೇ ನನಗೆ ಗಾವಡಗೆರೆ ಕಡೆಯ ನಮ್ಮ ಚಿಕ್ಕಪ್ಪ ನೆನಪಾದರು.

ಚಿಕ್ಕಪ್ಪ ಊರ ಗರಡಿಯ ಹಿರಿಯ ಪೈಲ್ವಾನರು. ಆ ಗರಡಿಯಲ್ಲಿ ಹನುಮಂತರಾಯನ ಗೂಡಿನೊಳಗೆ, ಕುಂಕುಮದ ಬಟ್ಟಲಿನ ಪಕ್ಕ, ಒಂದು ಮುಲಾಮಿನ ಟ್ಯೂಬು ಇರುತ್ತಿತ್ತು. ಒಂದೇ ಮಣ್ಣಿನಲ್ಲಿ ಹೊರಳುವವರಿಗೆ ಒಂದೇ ಟ್ಯೂಬು, ಒಂದೇ ಟವೆಲ್ಲು. ಬೇರೆ ಇಟ್ಟುಕೊಂಡವನು ಜಂಬಗಾರ. ಎಲ್ಲರೂ ಕೈಮುಗಿದು ಪ್ರಸಾದದಂತೆ ಹಚ್ಚಿಕೊಳ್ಳುವರು, ತುರಿಕೆ ನಿಂತರೆ ಬಿಡುವರು, ಮತ್ತೆ ಬಂದರೆ ಮತ್ತೆ ಹಚ್ಚುವರು. ಭಕ್ತಿಗೆ ಕೊರತೆಯಿರಲಿಲ್ಲ, ಹುಳುಕಡ್ಡಿಗೂ ಇರಲಿಲ್ಲ.

ಆ ವರ್ಷ ಚುಂಚನಕಟ್ಟೆಯ ಪೈಲ್ವಾನನೊಡನೆ ಚಿಕ್ಕಪ್ಪನಿಗೆ ಜೋಡಿ ಕಟ್ಟಿದರು. ಹಿಂದೊಮ್ಮೆ ಅವನ ಕೈಯಲ್ಲಿ ಚಿತ್ತಾಗಿದ್ದರು. ವಯಸ್ಸು ಜಾರುತ್ತಿತ್ತು, ಸೇಡು ತೀರಿಸಲು ಇದೇ ಕೊನೆಯ ಅವಕಾಶ. ಅಷ್ಟರಲ್ಲಿ ಸೊಂಟದ ಸುತ್ತ, ಉಡಿದಾರದ ಕೆಳಗೆ, ಕೆಂಪು ಬಳೆ ಜೋಡಿಸಿದಂತೆ ಹುಳುಕಡ್ಡಿ ಎದ್ದಿತು. ಗೂಡಿನ ಮುಲಾಮು ಬಳಿದಷ್ಟೂ ಅಗಲವಾಯಿತು. ಸ್ಕೂಟರಿನಲ್ಲಿ ಕೂರಿಸಿಕೊಂಡು ಡಾಕ್ಟರಮ್ಮನ ಬಳಿಗೆ ಕರೆದೊಯ್ದೆ.

ಚಿಕ್ಕಪ್ಪ ಜೊತೆಗೆ ತಂದಿದ್ದ ಗೂಡಿನ ಟ್ಯೂಬು ನೋಡಿ ಆಕೆ ಹುಬ್ಬು ಗಂಟಿಕ್ಕಿದರು. "ಇದರಲ್ಲಿ ಸ್ಟೀರಾಯ್ಡ್ ಇದೆ. ತುರಿಕೆ ಅಡಗುತ್ತೆ, ಹುಳುಕಡ್ಡಿ ಹಬ್ಬುತ್ತೆ. ನಾನು ಕೊಡೋದನ್ನ ಒಣಗಿದ ಮೈಗೆ, ಕಲೆಯ ಅಂಚಿನಾಚೆಗೂ ತೆಳ್ಳಗೆ ಹಚ್ಚಿ ಕೈ ತೊಳೀರಿ. ತುರಿಕೆ ನಿಂತ್ರೂ ನಾನು ಹೇಳೋವರೆಗೆ ಬಿಡಬೇಡಿ. ಟವೆಲ್ಲು ನಿಮ್ಮದೇ ಇರಲಿ. ಈ ಒದ್ದೆ ಉಡಿದಾರ ಬಿಚ್ಚಿ."

"ಉಡಿದಾರ ಬಿಚ್ಚಾದಾ? ಗಂಡಸು ಕಣವ್ವಾ ನಾನು!"

"ವಾಸಿಯಾದ್ಮೇಲೆ ಹೊಸದು ಕಟ್ಕೊಳ್ಳಿ. ಅಲ್ಲಿವರೆಗೆ ಕುಸ್ತಿಯೂ ಬೇಡ. ನಿಮ್ಮನ್ನ ಹಿಡಿದವರಿಗೂ ಅಂಟುತ್ತೆ."

ದಾರಿಯುದ್ದಕ್ಕೂ ಚಿಕ್ಕಪ್ಪ ಒಂದು ಕೈಯಲ್ಲಿ ಉಡಿದಾರ ಹಿಡಿದೇ ಕೂತಿದ್ದರು. ಮನೆಗೆ ಬಂದು ಉಡಿದಾರ ಬಿಚ್ಚಿದರು.

ಕುಸ್ತಿಯ ದಿನ ಗರಡಿಯವರು, "ಮಣ್ಣು ಮೆತ್ಕಂಡ್ರೆ ಯಾವನ್ಗ್ ಕಾಣ್ತದೆ, ಇಳಿಯಣ್ಣೋ" ಎಂದು ಪುಸಲಾಯಿಸಿದರು. ಚಿಕ್ಕಪ್ಪ ಇಳಿದರು, ಪಂಚೆ ಉಟ್ಟು, ಅಂಗಿ ತೊಟ್ಟು. ಅಖಾಡದ ನಡುವೆ ನಿಂತು, ಅಂಗಿ ಎತ್ತಿ, ದೇವರ ಪ್ರದಕ್ಷಿಣೆಯ ಗಾಂಭೀರ್ಯದಲ್ಲಿ ಒಂದು ಸುತ್ತು ತಿರುಗಿದರು.

"ನೋಡ್ಕಳ್ರಪ್ಪಾ, ಹುಳುಕಡ್ಡಿ. ವಾಸಿಯಾಗಗಂಟ ಯಾರ ಮೈಯೂ ಮುಟ್ಟಾಕಿಲ್ಲ. ಗೆದ್ದ ಅಂತ ಇವನ ಕೈ ಎತ್ತಿ."

"ಎದ್ರುಕಂಡ ಕಣ್ಲಾ!" ಎಂದು ಗುಂಪಿನಿಂದ ಒಬ್ಬ ಕೂಗಿದ.

"ಊಂ ಕಣ್ಲಾ, ಎದ್ರುಕಂಡೆ. ಇವನ ಮನೇಲಿ ಎಳೆ ಮಗೀಗೆ ಅಂಟುದ್ರೆ ನೀನ್ ಬಂದು ಕೆರೀತೀಯಾ?"

ಚುಂಚನಕಟ್ಟೆಯವನು ಗೆಲುವಿನ ಕೈ ಎತ್ತಲಿಲ್ಲ. ದೂರದಿಂದಲೇ ಚಿಕ್ಕಪ್ಪನಿಗೆ ಕೈಮುಗಿದ.

ಹೇಳಿದಷ್ಟು ಕಾಲ ಔಷಧಿ ಹಚ್ಚಿ ಚಿಕ್ಕಪ್ಪ ವಾಸಿಯಾದರು. ಆದರೆ ಆ ಜೋಡಿಯನ್ನು ಮತ್ತೆ ಯಾರೂ ಕಟ್ಟಲಿಲ್ಲ. ಸೇಡು ಹಾಗೇ ಉಳಿಯಿತು.

ಈಗ ಆ ಗರಡಿಯಲ್ಲಿ ಕೈ ಮಿಲಾಯಿಸುವ ಮುನ್ನ ಇಬ್ಬರೂ ತೋಳೆತ್ತಿ, ಎದುರಾಳಿಗೆ ಮೈ ತೋರಿಸುತ್ತಾ ಒಂದು ಸುತ್ತು ತಿರುಗುತ್ತಾರೆ. ಹೊರಗಿನವರು ಅದನ್ನು ಪುರಾತನ ಸಂಪ್ರದಾಯವೆಂದು ಭಾವಿಸಿ ಫೋಟೋ ಹಿಡಿಯುತ್ತಾರೆ. ಹೋದ ವಾರ ಒಬ್ಬರು ಇದರ ಮೂಲ ಯಾವ ಪುರಾಣದಲ್ಲಿದೆ ಎಂದು ನನ್ನನ್ನೇ ಕೇಳಿದರು.

"ನಮ್ಮ ಚಿಕ್ಕಪ್ಪನ ಸೊಂಟದಲ್ಲಿ" ಎಂದೆ.