ನಾಲ್ಕನೆಯ ಮೂಲೆ ಹೊಲಿಯದ ಕೌದಿ

ಚೆನ್ನೈನ ಪುರಸೈವಾಕ್ಕಂಗೆ ಜನ ಹೊಸ ಬಟ್ಟೆ ಕೊಳ್ಳಲು ಬರುತ್ತಾರೆ. ಆ ಅಂಗಡಿ ಸಾಲಿನ ಹಿಂದಿನ ಸಂದಿಯಲ್ಲಿ, ಎರಡನೆಯ ಮಹಡಿಯ ಮನೆಯಲ್ಲಿ, ಗೋದಾಬಾಯಿ ನಲವತ್ತು ವರ್ಷಗಳಿಂದ ಹಳೆ ಬಟ್ಟೆಯನ್ನೇ ನಂಬಿಕೊಂಡು ಕೂತಿದ್ದಾರೆ. ಹಳೆ ಸೀರೆ, ಹಳೆ ಪಂಚೆಗಳನ್ನು ತುಂಡು ಮಾಡಿ, ಪದರದ ಮೇಲೆ ಪದರ ಹಾಸಿ, ಕೈಯಲ್ಲೇ ಸಾಲು ಹೊಲಿಗೆ ಹಾಕಿ ಕೌದಿ ಮಾಡುವುದು ಅವರು ಧಾರವಾಡದ ತವರಿನಿಂದ ತಂದ ವಿದ್ಯೆ. ಚೆನ್ನೈ ಸೆಕೆಯಲ್ಲಿ ಕೌದಿ ಯಾರಿಗೆ ಬೇಕು ಎಂದು ಕೇಳುವವರು ಏಸಿ ಹಾಕಿಕೊಂಡು ಮಲಗುವವರ ಸಂಕಟ ತಿಳಿಯದವರು. ಗಂಡ ಪದ್ಮನಾಭರಾಯರು ಪೆರಂಬೂರಿನ ರೈಲು ಡಬ್ಬಿ ಕಾರ್ಖಾನೆಯಿಂದ ನಿವೃತ್ತರಾದವರು. "ನಾ ಡಬ್ಬಿ ಜೋಡಿಸಿದೆ, ಇಕಿ ಚಿಂದಿ ಜೋಡಿಸಿದ್ಲು, ಸಂಸಾರ ನಡೀತು" ಎಂದು ಬಂದವರಿಗೆಲ್ಲ ಹೇಳುವುದು ಅವರ ಚಾಳಿ.

ಗೋದಾಬಾಯಿಯವರಿಗೂ ಒಂದು ಚಾಳಿ ಇತ್ತು. ಸೊಟ್ಟ ಹೊಲಿಗೆ ಕಂಡರೆ ಅವರ ಕೈ ತಡೆಯುತ್ತಿರಲಿಲ್ಲ. ಮಹಿಳಾ ಮಂಡಳಿಯಲ್ಲಿ ಗೆಳತಿ ಅನಸೂಯ ಹಾಕಿದ ಸಾಲನ್ನು, ಆಕೆ ಕಾಫಿಗೆ ಎದ್ದುಹೋದ ಗಳಿಗೆ ನೋಡಿ ಬಿಚ್ಚಿ, ನೇರವಾಗಿ ಹಾಕಿ, ಏನೂ ಅರಿಯದವರ ಹಾಗೆ ಕೂತುಬಿಡುವರು. ಅನಸೂಯಳಿಗೆ ಇದು ಗೊತ್ತಿಲ್ಲವೆಂದು ಅವರು ತಿಳಿದಿದ್ದರು. ಇಡೀ ಮಂಡಳಿಗೇ ಗೊತ್ತಿತ್ತು.

ಆ ವಾರ ಮಾತ್ರ ಬಿಡುವೇ ಇರಲಿಲ್ಲ. ಮಂಗಳವಾರ ಮಂಡಳಿಯವರು ಹೆರಿಗೆ ಆಸ್ಪತ್ರೆಗೆ ಹನ್ನೆರಡು ಕೌದಿ ಕೊಡುವ ಕಾರ್ಯಕ್ರಮ. ಭಾನುವಾರ ಮನೆಯಲ್ಲೇ ಹಬ್ಬ: ಸೊಸೆ ಶ್ರೀಯಾ ಮೂರು ತಿಂಗಳ ಮಗು ಪ್ರಣಮ್ಯಾಳನ್ನು ಎತ್ತಿಕೊಂಡು ತವರಿನಿಂದ ಬರುವ ದಿನ. ಮೊಮ್ಮಗಳ ಕೌದಿ ಸೋಮವಾರಕ್ಕೇ ಮುಗಿಯುತ್ತ ಬಂದಿತ್ತು. ಮೂರು ಮೂಲೆ ಮುಚ್ಚಿತ್ತು, ನಾಲ್ಕನೆಯದನ್ನು ಬೇಕೆಂದೇ ಬಿಟ್ಟಿದ್ದರು. ಆ ಮೂಲೆಯೊಳಗೆ ಒಂದು ಚೂರು ಹೋಳಿಗೆ ಇಟ್ಟು ಹೊಲಿಯುವುದು ಅವರ ತವರಿನ ಪದ್ಧತಿ. ಕೌದಿ ಹಸಿದಿರಬಾರದು, ಅದನ್ನು ಹೊದ್ದವರೂ ಹಸಿಯಬಾರದು ಎಂದು ಅವರ ತಾಯಿ ಹೇಳುತ್ತಿದ್ದರು.

ಕೌದಿಯ ನಡುವೆ ಹಾಕಿದ್ದು ಮಾಸಿದ ಹಸಿರಿನ ಕೈಮಗ್ಗದ ಸೀರೆ. ಹದಿನೈದು ದಿನದ ಹಿಂದೆ ಬೀಗಿತ್ತಿ ಜಲಜಾಕ್ಷಿ ಕಳಿಸಿದ್ದು. ಬ್ಯಾಂಕಿನಿಂದ ಬರುವಾಗ ಅತ್ತೆಮನೆಗೆ ಹೋಗಿದ್ದ ಮಗ ಅನಿಲ್ ಚೀಲವನ್ನು ಸೋಫಾದ ಮೇಲೆ ಎಸೆದು "ಅತ್ತೆ ಕೊಟ್ರು, ಪಾಪುಗಂತೆ" ಎಂದಿದ್ದ. ಗೋದಾಬಾಯಿಯವರ ಕಡೆ ಮಗುವಿನ ತಾಯಿಯ ತವರಿನಿಂದ ಮೆತ್ತಗಿನ ಹಳೆ ಸೀರೆ ಬಂದರೆ ಅದು ಕೌದಿಗೇ. ಯಾರನ್ನೂ ಕೇಳುವ ಕೆಲಸವಿಲ್ಲ. ಅವರು ಕೇಳಲಿಲ್ಲ, ಕತ್ತರಿ ಹಾಕಿದರು. ಸೀರೆಯಲ್ಲಿ ಒಂದು ಕಡೆ ಕೆಂಪು ದಾರದಲ್ಲಿ ರಫು ಮಾಡಿದ ಗುರುತಿತ್ತು. ಅಂಗೈಯಗಲದ ಆ ರಫು ಎಷ್ಟು ಸೊಗಸಾಗಿತ್ತೆಂದರೆ, ಅದನ್ನು ಕತ್ತರಿಸಲು ಮನಸ್ಸಾಗದೆ ಇಡಿಯಾಗಿ ಉಳಿಸಿಕೊಂಡು, ಕೌದಿಯ ನಟ್ಟನಡುವೆ ಕೂಡಿಸಿ, ಮಿಕ್ಕ ತುಂಡುಗಳನ್ನೆಲ್ಲ ಅದರ ಸುತ್ತ ಹೊಲಿದಿದ್ದರು.

ಮಂಗಳವಾರದ ಕಾರ್ಯಕ್ರಮ ಭರ್ಜರಿಯಾಗಿ ನಡೆಯಿತು. ಆಸ್ಪತ್ರೆಯ ನರ್ಸುಗಳು ಕೌದಿಗಳನ್ನು ಕೆನ್ನೆಗೆ ಒತ್ತಿಕೊಂಡು ನೋಡಿದರು, ಫೋಟೋ ತೆಗೆಸಿಕೊಂಡರು. ಜಲಜಾಕ್ಷಿಯವರ ಮನೆಯವರದು ನುಂಗಂಬಾಕ್ಕಂನಲ್ಲಿ ಉಡುಪಿ ಹೋಟೆಲು. ಅಲ್ಲಿಂದ ಎರಡು ಡಬರಿ ಕೇಸರಿಬಾತು ಕಳಿಸಿದ್ದಲ್ಲದೆ ಆಕೆ ತಾವೂ ಬಂದಿದ್ದರು. ಎಲ್ಲರ ನಡುವೆ ನಗುನಗುತ್ತ ಕೇಳಿದರು:

"ಗೋದಕ್ಕ, ಭಾನುವಾರ ಜೋಲಿ ಕಟ್ಟಲಿಕ್ಕೆ ನಿಮ್ಮಲ್ಲಿ ಕೊಕ್ಕೆ ಗಟ್ಟಿ ಉಂಟಲ್ಲ?"

"ಯಾವ ಜೋಲಿ ರೀ?"

"ಅನಿಲನ ಕೈಯಲ್ಲಿ ಕಳಿಸಿದ್ದೆನಲ್ಲ, ನನ್ನ ಅಮ್ಮನ ಹಸಿರು ಸೀರೆ. ನಾನು, ನನ್ನ ತಮ್ಮ, ಮತ್ತೆ ಶ್ರೀಯಾ, ಎಲ್ಲ ತೂಗಿಸಿಕೊಂಡದ್ದು ಆ ಸೀರೆಯ ಜೋಲಿಯಲ್ಲೇ ಮಾರಾಯ್ರೆ. ಅಮ್ಮನದ್ದು ಅಂತ ಉಳಿದದ್ದು ಅದೊಂದೇ."

ಗೋದಾಬಾಯಿಯವರ ಬಾಯಲ್ಲಿದ್ದ ಕೇಸರಿಬಾತು ಅಲ್ಲೇ ನಿಂತಿತು. "ಗಟ್ಟಿ ಅದರಿ" ಎಂದರು. ಕೊಕ್ಕೆಯ ಮಟ್ಟಿಗೆ ಅದು ಸುಳ್ಳಲ್ಲ.

ಮನೆಗೆ ಬಂದವರೇ ಮಗನನ್ನು ತರಾಟೆಗೆ ತೆಗೆದುಕೊಂಡರು. "ಜೋಲಿ ಅಂತ ಒಂದ ಮಾತು ಹೇಳಲಿಕ್ಕೆ ನಿನಗೇನಾಗಿತ್ತು?"

"ಅಮ್ಮಾ, ಅವ್ರು ಪಾಪುಗೆ ಅಂದ್ರು, ನಾನೂ ಪಾಪುಗೆ ಅಂದೆ. ನಾನ್ ಎನ್ನ ಪಣ್ಣುವೇನ್" ಎಂದು, ನಾನೇನು ಮಾಡಲಿ ಎನ್ನುವುದನ್ನು ತಮಿಳಿನಲ್ಲೇ ಹೇಳಿ, ಅವನು ಕೈ ಚೆಲ್ಲಿದ. ಆಮೇಲೆ ಇಲಿ ಕಡಿಯಿತೆಂದು ಹೇಳಿಬಿಡುವ ಸಲಹೆ ಕೊಟ್ಟು ಇನ್ನೊಂದು ಸುತ್ತು ಬೈಸಿಕೊಂಡ.

ಬುಧವಾರ ಪದ್ಮನಾಭರಾಯರು ಹೆಂಡತಿಯನ್ನು ಕರೆದುಕೊಂಡು ಬೀದಿಗಿಳಿದರು. ಆರು ಅಂಗಡಿ ಹತ್ತಿ ಇಳಿದ ಮೇಲೆ ಏಳನೆಯದರಲ್ಲಿ ಅದೇ ಹಸಿರು, ಅದೇ ಸಣ್ಣ ಅಂಚಿನ ಸೀರೆ ಸಿಕ್ಕಿತು. "ನಾಕ ಸಲ ಒಗದು ಬಿಸಲಿಗೆ ಹಾಕು, ಹಳೇದಾಗ್ತದ" ಎಂದು ರಾಯರು ಪಿಸುಗುಟ್ಟಿದರು. ಗೋದಾಬಾಯಿ ಸೀರೆಯನ್ನು ಬೆರಳುಗಳ ನಡುವೆ ತಿಕ್ಕಿ ನೋಡಿದರು. ಅರವತ್ತು ವರ್ಷದ ಮೆದು ನಾಲ್ಕು ಒಗೆತಕ್ಕೆ ಬರುವುದಿಲ್ಲ. ಬಟ್ಟೆಯ ವಿಷಯದಲ್ಲಿ ಜನ್ಮವಿಡೀ ಯಾರಿಗೂ ಮೋಸ ಮಾಡದ ತಾವು ಬೀಗಿತ್ತಿಗೆ ಮಾಡುವುದೇ ಎಂದು ನಾಚಿಕೆಯಾಯಿತು. ಸೀರೆಯನ್ನು ಮಡಿಸಿ ಅಂಗಡಿಯವನ ಕೈಗೇ ಕೊಟ್ಟರು.

"ಹೋಗಿ ಹೇಳತೇನ್ರಿ" ಎಂದರು. ಹೇಳಿದಷ್ಟು ಸುಲಭವಾಗಿ ಕಾಲು ಏಳಲಿಲ್ಲ. ಗುರುವಾರ ಪೂರ್ತಿ, ಅಗತ್ಯವೇ ಇಲ್ಲದಿದ್ದರೂ, ಮನೆಯ ದಿಂಬುಗಳ ಗವಸನ್ನೆಲ್ಲ ಹೊಲಿದರು.

ಶುಕ್ರವಾರ ಕೌದಿಯನ್ನು ಚೀಲದಲ್ಲಿಟ್ಟುಕೊಂಡು ಆಟೋ ಹತ್ತಿದರು. ಹೋಟೆಲಿನ ಮೇಲಿನ ಮಹಡಿಯಲ್ಲೇ ಜಲಜಾಕ್ಷಿಯವರ ಮನೆ. ಶ್ರೀಯಾ ಒಳಗೆ ಮಗುವಿಗೆ ಸ್ನಾನ ಮಾಡಿಸುತ್ತಿದ್ದಳು. ಗೋದಾಬಾಯಿ ಕುರ್ಚಿಯಲ್ಲಿ ಕೂರಲಿಲ್ಲ.

"ಬೀಗರ, ನನ್ನಿಂದ ತಪ್ಪಾಗೇದ. ನಿಮ್ಮ ತಾಯಿಯವರ ಸೀರಿ ಕೌದಿಗೆ ಕಳಿಸೀರಿ ಅಂತ ತಿಳದೆ. ಕತ್ತರಿಸಿಬಿಟ್ಟೆ."

ಜಲಜಾಕ್ಷಿ ಅರ್ಥವಾಗದವರಂತೆ ನೋಡಿದರು. ಅರ್ಥವಾದಾಗ ಮುಖ ಕೆಂಪಾಯಿತು. "ಒಂದು ಫೋನು ಮಾಡಿ ಕೇಳಬಹುದಿತ್ತಲ್ಲ, ಗೋದಕ್ಕ. ಒಂದು ಫೋನು." ಅಷ್ಟು ಹೇಳಿ ಅಡುಗೆಮನೆಗೆ ಹೋದರು. ನಲ್ಲಿಯ ನೀರು ಸುರಿಯುವ ಸದ್ದು ಬಹಳ ಹೊತ್ತು ಕೇಳಿತು. ಅಳು ಕೇಳಿಸದಿರಲೆಂದು ನಲ್ಲಿ ಬಿಟ್ಟಿದ್ದಾರೆ ಎಂಬುದು ಗೋದಾಬಾಯಿಗೆ ತಿಳಿಯಿತು, ತಮ್ಮ ಕಣ್ಣೂ ಒದ್ದೆಯಾಯಿತು. ಚೀಲದಿಂದ ಕೌದಿ ತೆಗೆದು ಮಂಚದ ಮೇಲೆ ಬಿಡಿಸಿಟ್ಟು, ಶಾಲೆಯಲ್ಲಿ ಶಿಕ್ಷೆಗೆ ನಿಂತ ಹುಡುಗಿಯ ಹಾಗೆ ಗೋಡೆಗೆ ಒರಗಿ ನಿಂತರು.

ಜಲಜಾಕ್ಷಿ ಮುಖ ಒರೆಸಿಕೊಂಡು ಬಂದರು. ಕೌದಿಯ ಕಡೆ ನೋಡಬಾರದೆಂದು ಬಂದವರು ನೋಡಿಯೇಬಿಟ್ಟರು. ನಿಧಾನವಾಗಿ ಬಗ್ಗಿ, ನಡುವಿನ ಕೆಂಪು ರಫುವಿನ ಮೇಲೆ ಬೆರಳಿಟ್ಟರು.

"ಇದನ್ನು ಕತ್ತರಿಸಲಿಲ್ಲವಾ ನೀವು?"

"ಅಷ್ಟು ಚಂದ ರಫು ಮಾಡಿದವರ ಕೆಲಸದ ಮ್ಯಾಲ ಕತ್ತರಿ ಹೆಂಗ ಹಾಕಲಿ? ಯಾರ ಕೈ ಅಂತ ಗೊತ್ತಿರಲಿಲ್ಲ. ಅದರ ಸುತ್ತನ ಇಡೀ ಕೌದಿ ಹೊಲದೇನಿ."

"ನನ್ನ ತಮ್ಮ ಒದ್ದು ಒದ್ದು ಹರಿದ ಜಾಗ ಇದು. ಅವತ್ತು ಮನೆಯಲ್ಲಿ ಕೆಂಪು ದಾರ ಬಿಟ್ಟರೆ ಬೇರೆ ಇರಲಿಲ್ಲ. ಅಮ್ಮ ಬೈಯುತ್ತಾ ಹೊಲಿದದ್ದು, ನಾನು ಪಕ್ಕದಲ್ಲೇ ಕೂತಿದ್ದೆ." ಆಕೆ ಹೇಳುತ್ತ ಹೇಳುತ್ತ ಮಂಚದ ಮೇಲೆ ಕೂತರು.

ಗೋದಾಬಾಯಿ ಚೀಲದ ತಳದಿಂದ ಮಡಿಸಿದ ಇನ್ನೊಂದು ಬಟ್ಟೆ ತೆಗೆದರು. ಅವರ ತಾಯಿಯ ನೂಲಿನ ಇಳಕಲ್ ಸೀರೆ. ನಲವತ್ತು ವರ್ಷದಲ್ಲಿ ನೂರಾರು ಸೀರೆ ಕತ್ತರಿಸಿದ ಕತ್ತರಿ ಇದರ ಹತ್ತಿರ ಸುಳಿದಿರಲಿಲ್ಲ. "ಜೋಲಿಗೆ ಇದನ್ನ ಕಟ್ಟೋಣ. ಒಳಗ ನಿಮ್ಮ ತಾಯಿಯವರ ಕೌದಿ ಹಾಸೋಣ. ಬ್ಯಾಡ ಅಂದ್ರೂ ನಾ ಏನೂ ಅನ್ನೂದಿಲ್ಲ."

ಜಲಜಾಕ್ಷಿ ಬೇಡ ಎನ್ನಲಿಲ್ಲ, ಆಗಲಿ ಎಂದೂ ಹೇಳಲಿಲ್ಲ. "ಕಾಫಿ ಕುಡಿಯದೆ ಹೋಗಬೇಡಿ" ಎಂದರು.

ಶನಿವಾರ ಗೋದಾಬಾಯಿ ಅದೇ ಚಿಂತೆಯಲ್ಲಿ ಹೋಳಿಗೆಯ ಹೂರಣ ಎರಡು ಸಲ ಸೀಯಿಸಿದರು. ಭಾನುವಾರ ಆರತಿ ಎತ್ತಿ ತಾಯಿ-ಮಗುವನ್ನೂ ಜೊತೆಗೆ ಬಂದ ಜಲಜಾಕ್ಷಿಯವರನ್ನೂ ಒಳಗೆ ಕರೆದುಕೊಂಡದ್ದಾಯಿತು. ಇಳಕಲ್ ಸೀರೆಯ ಜೋಲಿಯನ್ನು ರಾಯರು ತಾವೇ ಕಟ್ಟಿ, ಜೋತುಬಿದ್ದು ನೋಡಲು ಹೋಗಿ ಎಲ್ಲರಿಂದ ಬೈಸಿಕೊಂಡರು. ಗೋದಾಬಾಯಿ ಹೋಳಿಗೆಯ ಚೂರನ್ನು ತಟ್ಟೆಯಲ್ಲಿಟ್ಟು, ಕೌದಿಯೊಂದಿಗೆ ಬೀಗಿತ್ತಿಯ ಮುಂದೆ ಹಿಡಿದರು. "ನಾಕನೇ ಮೂಲಿ ನಿಮ್ಮ ಕೈಯಿಂದ ತುಂಬಬೇಕು."

"ಇರುವೆ ಬರುವುದಿಲ್ಲವಾ?" ಎಂದು ಜಲಜಾಕ್ಷಿ ಕೇಳಿದರು. ವಾರದಲ್ಲಿ ಮೊದಲ ಬಾರಿಗೆ ಗೋದಾಬಾಯಿ ಮನಸಾರೆ ನಕ್ಕರು.

ಜಲಜಾಕ್ಷಿ ಹೋಳಿಗೆಯನ್ನು ಮೂಲೆಯೊಳಗಿಟ್ಟರು. ಆಮೇಲೆ ಸೂಜಿಗೆ ಕೈ ಚಾಚಿ, "ಹೊಲಿಗೆಯೂ ನಾನೇ ಹಾಕುತ್ತೇನೆ. ಕೆಂಪು ದಾರ ಕೊಡಿ" ಎಂದರು. ಜಲಜಾಕ್ಷಿ ಗುಂಡಿ ಹೊಲಿದೂ ಅಭ್ಯಾಸವಿಲ್ಲದವರು. ಒಂದು ಹೊಲಿಗೆ ಉದ್ದ, ಒಂದು ಗಿಡ್ಡ. ಸಾಲು ಹಾವು ಹರಿದಂತೆ ಹೋಯಿತು. ಮಂಡಳಿಯವರೊಂದಿಗೆ ಬಂದಿದ್ದ ಅನಸೂಯ ದೂರದಿಂದ ಗೋದಾಬಾಯಿಯವರ ಬೆರಳುಗಳನ್ನೇ ನೋಡುತ್ತಿದ್ದಳು. ಜಲಜಾಕ್ಷಿ ಮೂಲೆ ಮುಗಿಸಿ, ದಾರ ಕಡಿದು, ಕೌದಿಯನ್ನು ಜೋಲಿಯೊಳಗೆ ಹಾಸಿ, ಮೊಮ್ಮಗಳನ್ನು ಅದರ ಮೇಲೆ ಮಲಗಿಸಿ ತೂಗತೊಡಗಿದರು.

ಸಂಜೆ ನೆಂಟರೆಲ್ಲ ಹೋದ ಮೇಲೆ ಗೋದಾಬಾಯಿ ಕೌದಿಯನ್ನು ಕೊಡವಲೆಂದು ಬಾಲ್ಕನಿಗೆ ತಂದರು. ನಾಲ್ಕನೆಯ ಮೂಲೆ ಕೈಗೆ ಸಿಕ್ಕಿತು. ಸೂಜಿ ಸೆರಗಿನಲ್ಲೇ ಚುಚ್ಚಿಕೊಂಡಿತ್ತು, ಸುತ್ತ ಯಾರೂ ಇರಲಿಲ್ಲ. ಅವರು ಆ ಸೊಟ್ಟ ಕೆಂಪು ಸಾಲಿನ ಮೇಲೆ ಒಮ್ಮೆ ಹೆಬ್ಬೆರಳು ಆಡಿಸಿದರು. ಆಮೇಲೆ ಕೌದಿಯನ್ನು ಹಾಗೆಯೇ ಮಡಿಸಿ ಒಳಗೆ ತಂದರು.