ಕತ್ತರಿಸಿದ ವಾಕ್ಯಗಳು

ಕಾದ ಇಸ್ತ್ರಿಪೆಟ್ಟಿಗೆ ಒದ್ದೆ ಹತ್ತಿಬಟ್ಟೆಯ ಮೇಲೆ ಓಡುವಾಗ ಏಳುವ ಬಿಸಿ ವಾಸನೆ ಎಲ್ಲಿ ಬಂದರೂ ನಾನು ಹರಿಹರದ ನಮ್ಮ ಬಾಡಿಗೆ ಮನೆಗೆ ಮರಳುತ್ತೇನೆ. ಮುಂದಿನ ಕೋಣೆ ಅಪ್ಪನ ಟೇಲರ್ ಅಂಗಡಿ, ಹಿಂದಿನದು ನಮ್ಮ ಸಂಸಾರ. ನೀವೂ ಅಂಥ ಮನೆಯಲ್ಲಿ ಬೆಳೆದಿದ್ದರೆ ಗೊತ್ತಿರುತ್ತದೆ, ಅನ್ನದ ತಟ್ಟೆಯಲ್ಲೂ ದಾರದ ಎಳೆ ಸಿಗುತ್ತದೆ. ನಾನು ಏಳನೆಯ ತರಗತಿ ಮುಗಿಸಿದ ಆ ಬೇಸಿಗೆಯಲ್ಲಿ ಶ್ವೇತಕ್ಕ ಪಿಯುಸಿ ಇಂಗ್ಲಿಷಿನಲ್ಲಿ ಫೇಲಾಗಿದ್ದಳು. ಮರುಪರೀಕ್ಷೆಯಲ್ಲೂ ಹೋದರೆ ಓದು ಸಾಕು, ಮಷಿನ್ ತುಳಿಯಲಿ ಎಂದು ಅಪ್ಪ ಹೇಳಿಬಿಟ್ಟಿದ್ದ. ಕ್ಯಾಲೆಂಡರಿನಲ್ಲಿ ದಿನಗಳನ್ನು ಹೊಡೆದುಹಾಕುವ ಕೆಲಸ ನನ್ನದಾಗಿತ್ತು.

ವಾಕ್ಯದೊಳಗಿನ ಉಪವಾಕ್ಯಗಳಲ್ಲಿ ನೌನ್ ಕ್ಲಾಜ್ ಯಾವುದು, ಅಡ್ವರ್ಬ್ ಕ್ಲಾಜ್ ಯಾವುದು ಎಂಬುದೇ ಅಕ್ಕನ ತಲೆಗೆ ಹತ್ತುತ್ತಿರಲಿಲ್ಲ. ಕಾಗದದ ಮೇಲೆ ವಾಕ್ಯ ಬರೆದು, ಅಪ್ಪನ ಕತ್ತರಿಯಿಂದ ತುಂಡು ಮಾಡಿ, ಗುಂಪು ಗುಂಪಾಗಿ ಇಡುತ್ತಿದ್ದಳು. ಒಂದು ಮಧ್ಯಾಹ್ನ ಅವಳು ತುಂಡು ಮಾಡಿದ ಖಾಕಿ ಕಾಗದ ಹಸೀನಾ ಆಂಟಿಯ ರವಿಕೆಗೆಂದು ಅಪ್ಪ ಅಳತೆ ತೆಗೆದು ಕತ್ತರಿಸಿಟ್ಟಿದ್ದ ಮುಂಭಾಗದ ನಮೂನೆಯಾಗಿತ್ತು. ರವಿಕೆ ಒಯ್ಯಲು ಬಂದ ಆಂಟಿ ಒಂದು ಚೂರು ಎತ್ತಿ ನೋಡಿದರು.

"ಟೇಲರಣ್ಣ, ನನ್ನ ಬ್ಲೌಸ್ ಇಂಗ್ಲಿಷ್ ಮಾತಾಡ್ತೈತಲ್ರಿ."

ನಾನು ಬೈಗುಳಕ್ಕೆ ಕಾದು ನಿಂತೆ. ಅಪ್ಪ ಬೈಯಲಿಲ್ಲ, ಕೈಚೆಲ್ಲಿ ಕುಳಿತ.

"ತೋಳಿನ ಕಾಗದ ಕತ್ತರಿಸಿದ್ರೆ ನಡೀತಿತ್ತವ್ವ. ತೋಳಿಲ್ದ ರವಿಕೆ ಹಾಕ್ಕೊಳ್ಳೋರು ಅದಾರ. ಮುಂಭಾಗ ಇಲ್ದ ರವಿಕೆ ಎಲ್ಲೈತೆ?"

ಅಕ್ಕ ತಲೆ ಎತ್ತಲಿಲ್ಲ. ಚೂರುಗಳನ್ನು ಮತ್ತೆ ಜೋಡಿಸತೊಡಗಿದಳು. 'ಮಳೆ ಬಂದಾಗ' ಎಂಬರ್ಥದ ಚೂರನ್ನು ತೆಗೆದಿಟ್ಟಳು. 'ನಾನು ಮನೆಯಲ್ಲಿರುತ್ತೇನೆ' ಎಂಬುದು ಗಟ್ಟಿಯಾಗಿ ನಿಂತಿತು. ಇನ್ನೊಂದು ವಾಕ್ಯದಲ್ಲಿ 'ಅವಳು ಹೇಳಿದಳು' ಎಂಬುದನ್ನಷ್ಟೇ ಉಳಿಸಿದಳು. ಏನು ಹೇಳಿದಳು ಎಂಬ ಚೂರಿಲ್ಲದೆ ಅದು ಬಾಯಿ ತೆರೆದುಕೊಂಡೇ ಉಳಿಯಿತು.

"ಅಪ್ಪ, ಈ ಅಡ್ವರ್ಬ್ ತೋಳು. ಈ ನೌನ್ ಮುಂಭಾಗ," ಎಂದಳು, ಅಳುತ್ತಲೇ ನಗುತ್ತ.

"ನನಗೇನು ತಿಳೀತೈತವ್ವ. ನಿನಗೆ ತಿಳಿದ್ರೆ ಸಾಕು. ಹೋಗು, ಓದು."

ಆಂಟಿಗೆ ನಾಳೆ ಬರ್ರಿ ಎಂದು ಹೇಳಿ, ಅಪ್ಪ ಹೊಸ ಕಾಗದ ಹಾಸಿಕೊಂಡ.

ರಸ್ತೆ ಅಗಲವಾದಾಗ ಆ ಮನೆ ಹೋಯಿತು. ಈಗ ಅಪ್ಪನೂ ಇಲ್ಲ. ಆದರೆ ಅಕ್ಕ ಪಾಸಾದ ವಾರದ ಒಂದು ಬೆಳಗ್ಗೆ ನನ್ನಲ್ಲಿ ಹಾಗೇ ಉಳಿದಿದೆ. ಹಬ್ಬಕ್ಕೂ ಅಂಗಡಿ ಮುಚ್ಚದ ಅಪ್ಪ ಅಂದು ಬಾಗಿಲಿಗೆ ಬೀಗ ಹಾಕಿದ. ಡಿಗ್ರಿಗೆ ಅಕ್ಕನ ಹೆಸರು ಹಚ್ಚಲು ಇಬ್ಬರೂ ದಾವಣಗೆರೆಗೆ ಹೊರಟಿದ್ದರು. ಬಸ್ ಬಂದಾಗ ಅಪ್ಪ ಅವಳ ಅಂಕಪಟ್ಟಿಯನ್ನು ಎದೆಗವಚಿಕೊಂಡು, ಜನರನ್ನು ಮೊಣಕೈಯಿಂದ ಸರಿಸಿ, ಮೊದಲು ಅವಳನ್ನು ಹತ್ತಿಸಿದ.